ಉಳ್ಳಾಗಡ್ಡಿ ನೂಲಿನ ಸೀರೆ

ಹೊಳಬಸಪ್ಪ: ಇಲ್ರಿ ಅಕ್ಕಾರ, ನನ್ನ ಮಗಳು ಸಿದ್ದವ್ವ ಇನ್ನ ಸಾಲಿಗೆ ಬರೂದಿಲ್ಲ. ಕಲಿಯೂದು ಕಲತಾಳ.

ಗುರುಲಿಂಗವ್ವ: ಏಳನೇ ಕ್ಲಾಸೂ ಮುಗಿದಿಲ್ಲ! ಏನ ಕಲತಾಳ್ರಿ?

ಹೊಳಬಸಪ್ಪ: ಉಳ್ಳಾಗಡ್ಡ್ಯಾಗಿಂದ ನೂಲು ತಗಿಯೂದು! ಮೂರು ತಲಿಮಾರಿಂದ ಮಗ್ಗಾ ಹೊಡದೇವಿ, ನಮ್ಮಪ್ಪಗೂ ಇದು ತಿಳೀಲಿಲ್ಲ ನೋಡ್ರಿ.

ಅದು ಎಂಬತ್ಮೂರನೆಯ ಇಸವಿ. ಇಳಕಲ್ಲಿನ ನೇಕಾರ ಹೊಳಬಸಪ್ಪನವರು ಶಾಲೆಯ ಮೇಜಿನ ಮೇಲಿದ್ದ ಗಾಜಿನ ನಳಿಕೆಯನ್ನು ಬೆಳಕಿಗೆ ಹಿಡಿದರು. ಹಿಂದಿನ ದಿನ ವಿಜ್ಞಾನದ ಶಿಕ್ಷಕಿ ಗುರುಲಿಂಗವ್ವನವರು ಮಕ್ಕಳಿಂದ ಉಳ್ಳಾಗಡ್ಡಿ, ಅಂದರೆ ಈರುಳ್ಳಿ, ಜಜ್ಜಿಸಿ, ಉಪ್ಪು ಮತ್ತು ಸಾಬೂನಿನ ನೀರು ಬೆರೆಸಿ, ಸೋಸಿ, ಮೇಲೆ ತಣ್ಣನೆಯ ಸ್ಪಿರಿಟ್ ಸುರಿಸಿದ್ದರು. ಆ ನಳಿಕೆಯಲ್ಲಿ ಬಿಳಿಯ ಎಳೆಗಳು ತೇಲುತ್ತಿದ್ದವು.

ಗುರುಲಿಂಗವ್ವ: ಅದು ನೂಲಲ್ರೀ ಯಪ್ಪಾ, ಡಿ.ಎನ್.ಎ.! ತಾಯಿ-ತಂದಿ ಗುಣಾ ಮಕ್ಕಳಿಗೆ ಮುಟ್ಟಸೂದು ಅದೇ.

ಹೊಳಬಸಪ್ಪ: ಹೆಸರು ಏನರ ಇರ್ಲಿ. ಎಳಿ ಐತೋ ಇಲ್ಲೋ?

ಗುರುಲಿಂಗವ್ವ: ಐತಿ.

ಹೊಳಬಸಪ್ಪ: ಬೆಳ್ಳಗೈತೋ ಇಲ್ಲೋ?

ಗುರುಲಿಂಗವ್ವ: ಐತಿ, ಆದ್ರ...

ಹೊಳಬಸಪ್ಪ: ಮತ್ತೇನ! ಸಾಬೂನಿನ ನೀರಾಗ ಹುಟ್ಟಿದ್ದು, ಒಗಿಯೂದೂ ಬ್ಯಾಡ. ಮುಂಜಾನಿಂದ ಸಿದ್ದವ್ವ ಜಜ್ಜಾಕ ಹತ್ಯಾಳ. ಒಂದು ಚೀಲಾ ಮುಗೀತು.

ಗುರುಲಿಂಗವ್ವ: ಅಯ್ಯ ಶಿವನ! ನನ್ನ ತರಗತ್ಯಾಗ ಕೈ ಎತ್ತಿ ಪ್ರಶ್ನಿ ಕೇಳಾಕಿ ಅಕಿ ಒಬ್ಬಾಕಿ. ಅಕಿನ್ನ ಕಳಸ್ರಿ. ಉಳ್ಳಾಗಡ್ಡಿ ಸೀರಿ ಉಟ್ರ ಕಣ್ಣಾಗ ನೀರು ಬರ್ತಾವ!

ಹೊಳಬಸಪ್ಪ: ಉಟ್ಟಾಕಿಗೆ ಯಾಕ ಬರ್ತಾವ? ನೋಡಿದ ವಾರಗಿತ್ತಿಗೆ ಬರ್ತಾವ.

ಗುರುಲಿಂಗವ್ವ: ಉಳ್ಳಾಗಡ್ಡಿ ಹ್ಯಾಂಗ ಬೆಳೀಬೇಕನ್ನೂದು ಆ ಎಳ್ಯಾಗ ಇರತೈತ್ರಿ. ತಿಳೀತಿಲ್ಲೋ?

ಹೊಳಬಸಪ್ಪನವರು ಬೆಂಚಿನ ತುದಿಗೆ ಸರಿದು ದನಿ ತಗ್ಗಿಸಿದರು.

ಹೊಳಬಸಪ್ಪ: ಬೆಳೀತೈತಿ? ಹಂಗಾರ ಆರು ಗಜಾ ನೇಯ್ದು ಪೆಟ್ಟಿಗ್ಯಾಗ ಇಟ್ರ, ದೀಪಾವಳಿಗೆ ಒಂಬತ್ತು ಗಜಾ ಆಕ್ಕೈತಿ!

ಗುರುಲಿಂಗವ್ವನವರು ಕಡ್ಡಿಯಿಂದ ಎಳೆಗಳನ್ನು ಸುತ್ತಿ ತೆಗೆದು ನೀರಿನ ಲೋಟದಲ್ಲಿ ಅದ್ದಿದರು, ಚೆನ್ನಾಗಿ ಕಲಕಿದರು.

ಹೊಳಬಸಪ್ಪ: ಎಲ್ಲಿ ಹೋತ್ರಿ?

ಗುರುಲಿಂಗವ್ವ: ಕರಗಿ ಹೋತು. ನಾಳೆ ನಿಮ್ಮ ಸೀರಿ ಉಟಗೊಂಡು ಹೆಣ್ಣಮಕ್ಕಳು ಬಾವಿಗೆ ಹೋಗಿ, ಕೊಡಾ ತುಳುಕಿತಂದ್ರ...

ಹೊಳಬಸಪ್ಪನವರು ಗಲ್ಲ ಗಲ್ಲ ಬಡಿದುಕೊಂಡರು.

ಹೊಳಬಸಪ್ಪ: ಶಿವ ಶಿವಾ! ಮುಂದ ಹೇಳಬ್ಯಾಡ್ರಿ ಅಕ್ಕಾರ! ಈ ಊರಾಗ ನಾ ಇನ್ನೂ ಬಾಳ್ವೆ ಮಾಡಬೇಕು. ಸಿದ್ದವ್ವನ್ನ ಈಗಿಂದೀಗ ಕಳಸ್ತೇನಿ.

ಗುರುಲಿಂಗವ್ವ: ಕೈ ತೊಳಕೊಂಡು ಬಾ ಅನ್ರಿ.

ಬಾಗಿಲ ತನಕ ಹೋದವರು ಹೊಸ್ತಿಲಲ್ಲೇ ನಿಂತರು.

ಹೊಳಬಸಪ್ಪ: ಮುಂದಿನ ವಾರ ಏನ ಜಜ್ಜಸ್ತೀರಿ?

ಗುರುಲಿಂಗವ್ವ: ಬಾಳಿಹಣ್ಣು.

ಹೊಳಬಸಪ್ಪ: ಅದರ ಎಳಿ ಒಗತಕ್ಕ ತಡೀತೈತೇನ್ರಿ?