ಮೂರನೆಯ ಕರೆ

“ನಿಮ್ಮ ಮಕ್ಕಳು ಉಸಿರಾಡುದುಂಟಾ ಮಾಸ್ಟ್ರೆ, ಇಲ್ಲ ಅದನ್ನೂ ಬಿಡಿಸಿದ್ದೀರಾ?”

ಹೀಗೆ ಕೇಳಿದವರು ಶಾಲೆಯ ಎದುರು ಅಂಗಡಿ ಇಟ್ಟ ಮೊಯ್ದಿನಬ್ಬ. ಕೈ ಬೆಲ್ಲ ತೂಗುತ್ತಿತ್ತು, ಕಣ್ಣು ರಸ್ತೆಯಾಚೆಗಿತ್ತು. ಅಲ್ಲಿ ಏಳನೆಯ, ಎಂಟನೆಯ ತರಗತಿಯ ಮಕ್ಕಳು ತುಂಬಿದ್ದರೂ ಒಂದು ಕೆಮ್ಮು ಕೂಡ ಕೇಳುತ್ತಿರಲಿಲ್ಲ.

“ಅದು ಮೌನದ ಪಾಠ, ಮೊಯ್ದಿನಬ್ಬಾಕ,” ಎಂದ ತೀರ್ಥರಾಮ, ಶಾಲಾ ಇನ್ಸ್‌ಪೆಕ್ಟರಿಗೆಂದು ಬಿಸ್ಕತ್ತು ಆರಿಸುತ್ತಾ.

“ಶಾಲೆ ಅಂದ್ರೆ ಸ್ವಲ್ಪ ಗಲಾಟೆ ಇರ್ಬೇಕು ಮಾರಾಯ್ರೆ. ಗಿರಾಕಿಗಳು ಕೇಳ್ತಾರೆ, ಆಚೆ ಯಾರಾದ್ರೂ ತೀರಿಹೋದ್ರಾ ಅಂತ.”

ತೀರ್ಥರಾಮ ಹಿಂದಿನ ಬೇಸಿಗೆಯಲ್ಲಿ ಮದ್ರಾಸಿಗೆ ಹೋಗಿ ಮಾಂಟೆಸೊರಿ ತರಬೇತಿ ಪಡೆದು ಬಂದವನು. ಜಿಲ್ಲೆ ಮೈಸೂರಿಗೆ ಸೇರಿ ಎರಡು ವರ್ಷವಾಗಿದ್ದರೂ ಅವನ ತಲೆ ಇನ್ನೂ ಮದ್ರಾಸಿನಲ್ಲೇ ಇತ್ತು. ಮಾಂಟೆಸೊರಿ ಎಂದರೆ ಪುಟ್ಟ ಮಕ್ಕಳ ಮರದ ಆಟಿಕೆ ಎಂದು ಜನ ತಿಳಿದಿದ್ದರು. “ಹಾಗಲ್ಲ, ಹನ್ನೆರಡು ದಾಟಿದವರಿಗೂ ಅದರಲ್ಲಿ ದಾರಿ ಉಂಟು. ಮಣ್ಣಿನ ಕೆಲಸ, ಬೆಳೆ, ವ್ಯಾಪಾರ ಎಲ್ಲ ಅವರೇ ಮಾಡುದು. ಮಾಸ್ಟ್ರು ಒಮ್ಮೆ ಮಾಡಿ ತೋರಿಸಿ ದೂರ ಸರಿದು ನಿಲ್ಲುದು,” ಎಂದು ಅವನು ಸವಣೂರಿನ ಬಸ್ಸಿಗೆ ಕಾಯುವವರನ್ನೂ ಬಿಡದೆ ಹಿಡಿದು ಹೇಳುತ್ತಿದ್ದ. ಮಕ್ಕಳು ಹಿತ್ತಲಲ್ಲಿ ಸೌತೆ ಬೆಳೆದರು, ಶಾಲೆಯ ಜಗಲಿಯಲ್ಲಿಟ್ಟು ಮಾರಿದರು. ಅಂದಿನಿಂದ ಮೊಯ್ದಿನಬ್ಬರ ಅಂಗಡಿಯ ಸೌತೆಕಾಯಿಯನ್ನು ಮೊಯ್ದಿನಬ್ಬರ ಮನೆಯವರೇ ತಿಂದು ಮುಗಿಸಬೇಕಾಯಿತು.

ಈ ದಿನ ಪುತ್ತೂರಿನಿಂದ ಇನ್ಸ್‌ಪೆಕ್ಟರು ಬರುವವರಿದ್ದರು. ಅವರು ಮೆಚ್ಚಿದರೆ ತೀರ್ಥರಾಮನ ಕೆಲಸ ಖಾಯಂ. ಖಾಯಂ ಆದರೆ ಶಾಲೆಯ ಮೇನೇಜರು ದೇರಣ್ಣನ ಮಗಳು ಸೇವಂತಿಯ ಜತೆ ಮದುವೆ. “ಹಂಗಾಮಿ ಮಾಸ್ಟ್ರಿಗೆ ಹೆಣ್ಣು ಕೊಡುದಾದ್ರೆ ಹೆಣ್ಣನ್ನೂ ಹಂಗಾಮಿಯಾಗಿಯೇ ಕೊಡ್ಬೇಕಷ್ಟೆ,” ಎಂದು ದೇರಣ್ಣ ಹೇಳಿಯಾಗಿತ್ತು.

ಶಾಲೆ ನಡೆಯುತ್ತಿದ್ದುದು ಮುಚ್ಚಿಹೋದ ಒಂದು ಬೀಡಿ ಡಿಪೋದಲ್ಲಿ. ಮುಂದೆ ತರಗತಿ, ಹಿಂದೆ ಎಲೆ ಪೇರಿಸಿಡುತ್ತಿದ್ದ, ಕಿಟಕಿಯಿಲ್ಲದ ಕೋಣೆ. ಹಗಲಲ್ಲೂ ಅಲ್ಲಿ ತನ್ನ ಕೈ ತನಗೇ ಕಾಣುತ್ತಿರಲಿಲ್ಲ. ಡಿಪೋದ ಗುಮಾಸ್ತ ಅಲ್ಲಿ ಕೂತಲ್ಲೇ ಜೀವ ಬಿಟ್ಟಿದ್ದನಂತೆ. ಬೀಡಿ ತಂದವರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಒಳಗೆ ಕರೆಯುವುದು ಅವನ ಕೆಲಸವಾಗಿತ್ತಂತೆ. ಆ ಕೋಣೆಯನ್ನು ಬಾಡಿಗೆಗೆ ಯಾರೂ ಕೇಳುತ್ತಿರಲಿಲ್ಲವಾದ್ದರಿಂದಲೇ ಅದು ಶಾಲೆಯ ಪಾಲಿಗೆ ಬಂದದ್ದು.

ತೀರ್ಥರಾಮ ಬಿಸ್ಕತ್ತು ಹಿಡಿದು ಅಂಗಳಕ್ಕೆ ಕಾಲಿಡುವಾಗ, ಮಕ್ಕಳಿಗೆ ಮಧ್ಯಾಹ್ನದ ಗಂಜಿ ಬೇಯಿಸುವ ದುಗ್ಗಮ್ಮ ಸೌಟು ಹಿಡಿದೇ ಅಡ್ಡ ಬಂದಳು.

“ಇವತ್ತು ಆ ಹಿಂದಿನ ಕೋಣೆಯೊಳಗೆ ನಿಂತು ಮಕ್ಕಳನ್ನು ಕರೆಯುದಂತೆ, ಹೌದಾ ಮಾಸ್ಟ್ರೆ?”

“ಹೌದು ದುಗ್ಗಮ್ಮಕ್ಕ. ಮಕ್ಕಳು ಕಣ್ಣುಮುಚ್ಚಿ ಸುಮ್ಮನೆ ಕೂತಿರ್ತಾರೆ. ನಾನು ಪಿಸುಮಾತಲ್ಲಿ ಒಬ್ಬೊಬ್ಬರ ಹೆಸರು ಕರೀತೇನೆ. ಕರೆದವರು ಸದ್ದಿಲ್ಲದೆ ಎದ್ದು ಬರುದು. ದಿನಾ ಜಗಲಿಯಿಂದ ಕರೆಯುದು. ಇನ್ಸ್‌ಪೆಕ್ಟರು ಬರ್ತಾರಲ್ಲ, ಸ್ವಲ್ಪ ಗಾಂಭೀರ್ಯ ಇರ್ಲಿ ಅಂತ.”

“ಮಟಮಟ ಮಧ್ಯಾಹ್ನ, ಕತ್ತಲೆ ಕೋಣೆ, ಕರೆಯುವವರ ಮುಖ ಕಾಣುದಿಲ್ಲ. ಗಾಂಭೀರ್ಯಕ್ಕೆ ಇನ್ನೆಂತ ಬೇಕು,” ಎಂದು ದುಗ್ಗಮ್ಮ ಒಲೆಯ ಕಡೆ ಹೋದಳು. ಹೋಗುವ ದಾರಿಯಲ್ಲಿ ತರಗತಿಯೊಳಗೆ ತಲೆ ಹಾಕಿ ಮಕ್ಕಳಿಗೆ ಏನೋ ಹೇಳಿದಳು. ಬಿಸ್ಕತ್ತನ್ನು ತಟ್ಟೆಗೆ ಜೋಡಿಸುವ ಗಡಿಬಿಡಿಯಲ್ಲಿದ್ದ ತೀರ್ಥರಾಮ ಅದನ್ನು ಗಮನಿಸಲಿಲ್ಲ.

ಇನ್ಸ್‌ಪೆಕ್ಟರ್ ಧರ್ಮಪಾಲರು ದೇರಣ್ಣನ ಜತೆ ಬಂದವರು ಹೊಸ್ತಿಲಲ್ಲೇ ನಿಂತುಬಿಟ್ಟರು. ಶಾಲೆಗೆ ರಜೆ ಎಂದುಕೊಂಡು ಒಳಗೆ ಇಣುಕಿದರೆ, ಸಾಲುಸಾಲಾಗಿ ಮಕ್ಕಳು, ಎಲ್ಲರ ಕಣ್ಣೂ ಮುಚ್ಚಿದೆ. ನೊಣವೊಂದು ಒಬ್ಬನ ಮೂಗಿನ ಮೇಲೆ ನಡೆದು ತುದಿ ಮುಟ್ಟಿ ಹಾರಿಹೋಯಿತು. ಹುಡುಗ ಮಿಸುಕಲಿಲ್ಲ. ಇನ್ಸ್‌ಪೆಕ್ಟರು ತಮ್ಮ ಮೂಗನ್ನು ಮುಟ್ಟಿಕೊಂಡರು.

ತೀರ್ಥರಾಮ ಅವರನ್ನೂ ದೇರಣ್ಣನನ್ನೂ ಕುರ್ಚಿಯಲ್ಲಿ ಕೂರಿಸಿ ಹಿಂದಿನ ಕೋಣೆಗೆ ನುಗ್ಗಿದ. ಒಳಗೆ ಹೊಗೆಸೊಪ್ಪಿನ ಹಳೆಯ ಘಾಟು. ಗಂಟಲು ಸರಿಮಾಡಿಕೊಂಡು ಪಿಸುಗುಟ್ಟಿದ, “ಕಮಲಾವತೀ…”

ಯಾರೂ ಬರಲಿಲ್ಲ.

“ಕಮಲಾವತೀ…”

ಬೆಂಚು ಕೂಡ ಕಿರುಗುಟ್ಟಲಿಲ್ಲ. ದಿನಾ ಮೊದಲ ಕರೆಗೇ ಬೆಕ್ಕಿನ ಹಾಗೆ ಬರುತ್ತಿದ್ದ ಹುಡುಗಿ. ಖಾಯಂ ಕೆಲಸವೂ ಸೇವಂತಿಯೂ ಕೈ ಕೈ ಹಿಡಿದುಕೊಂಡು ಕಡಬದ ಕಡೆ ನಡೆದುಹೋಗುವುದು ತೀರ್ಥರಾಮನಿಗೆ ಕತ್ತಲಲ್ಲಿ ಕಾಣಿಸಿತು. ಅಳುವ ದನಿಯಲ್ಲಿ ಇನ್ನೊಮ್ಮೆ ಕರೆದ. ಕಮಲಾವತಿ ಬಂದು ಎದುರಿಗೆ ನಿಂತಳು.

“ಎಂತ ಮಾರಾಯ್ತಿ, ಕಿವಿ ಕೇಳುದಿಲ್ವಾ?”

“ಕೇಳಿತು ಮಾಸ್ಟ್ರೆ. ಕಾಣದವರು ಕರೆದ್ರೆ ಮೂರನೆಯ ಸಲಕ್ಕೆ ಮಾತ್ರ ಏಳುದು ಅಂತ ದುಗ್ಗಮ್ಮಜ್ಜಿ ಹೇಳಿದ್ದಾರೆ. ಸತ್ತವರಿಗೆ ಎರಡು ಸಲ ಮಾತ್ರ ಕರೀಲಿಕ್ಕೆ ಆಗುದಂತೆ. ಮೂರನೆಯದ್ದು ಬಂದ್ರೆ ಮನುಷ್ಯರೇ ಅಂತ ಲೆಕ್ಕ.”

ಹೀಗೆ ಒಬ್ಬೊಬ್ಬರನ್ನು ಮೂರು ಸಲ ಕರೆಯುತ್ತ ಕೂತರೆ ಇನ್ಸ್‌ಪೆಕ್ಟರು ಇಲ್ಲೇ ನಿವೃತ್ತರಾಗುತ್ತಾರೆ. ದುಗ್ಗಮ್ಮ ಹಾಕಿದ ಗಂಟನ್ನು ದುಗ್ಗಮ್ಮನೇ ಬಿಚ್ಚಬೇಕು. ತೀರ್ಥರಾಮ ಕಮಲಾವತಿಯನ್ನೂ ಎಳೆದುಕೊಂಡು ಹಿತ್ತಲ ಬಾಗಿಲಿನಿಂದ ಹೊರಗೆ ಬಿದ್ದು ಬಾವಿಕಟ್ಟೆಗೆ ಓಡಿದ. ದುಗ್ಗಮ್ಮ ಅಲ್ಲಿ ನೀರು ಸೇದುತ್ತಿದ್ದಳು.

“ಮೊದಲ ಕರೆಗೇ ಏಳ್ಬೇಕು ಅಂತ ಒಮ್ಮೆ ಬಂದು ಹೇಳಿ ದುಗ್ಗಮ್ಮಕ್ಕ. ನನ್ನ ಬದುಕಿನ ಪ್ರಶ್ನೆ.”

“ನನ್ನದು ಮಕ್ಕಳ ಬದುಕಿನ ಪ್ರಶ್ನೆ. ನಾನು ಹೇಳುದಿಲ್ಲ.”

ಕೈಯೊಡ್ಡಿ ಬೇಡಿದ, ಕೈಮುಗಿದು ಬೇಡಿದ. ಹಂಡೆ ತುಂಬುವವರೆಗೂ ದುಗ್ಗಮ್ಮ ಹಗ್ಗ ಬಿಡಲಿಲ್ಲ. ಸೋತು ಕಮಲಾವತಿಯ ಜತೆ ಶಾಲೆಯ ಮುಂಬಾಗಿಲಿಗೆ ಬಂದರೆ, ತರಗತಿ ಖಾಲಿ. ಬೆಂಚುಗಳು ಬರಿದಾಗಿದ್ದವು. ಇನ್ಸ್‌ಪೆಕ್ಟರ ಕುರ್ಚಿಯಲ್ಲಿ ಅವರ ಕೊಡೆ ಮಾತ್ರ ಇತ್ತು. ದೇರಣ್ಣ ಒಬ್ಬನೇ, ನಪಾಸಾದ ಹುಡುಗನ ಹಾಗೆ ನೆಟ್ಟಗೆ ಕೂತಿದ್ದ.

“ಎಲ್ಲರೂ ಎಲ್ಲಿ ಮೇನೇಜರೆ?”

ದೇರಣ್ಣ ಹಿಂದಿನ ಕೋಣೆಯ ಕಡೆ ಬೆರಳು ತೋರಿಸಿದ. “ಕರೆದರಲ್ಲ, ಹೋದರು. ನನ್ನನ್ನು ಮಾತ್ರ ಕರೆಯಲಿಲ್ಲ.” ದನಿಯಲ್ಲಿ ಬೇಸರವಿತ್ತು.

ಕೋಣೆಯ ಕತ್ತಲೆಯಿಂದ ಮಕ್ಕಳು ಒಬ್ಬರ ಹಿಂದೊಬ್ಬರು ಹೊರಬಂದು ಬೆಂಚುಗಳಲ್ಲಿ ಕೂತರು. ಕೊನೆಗೆ ಬಂದರು ಇನ್ಸ್‌ಪೆಕ್ಟರು. ಅವರ ಕಣ್ಣು ಒದ್ದೆಯಾಗಿತ್ತು.

“ಬಹಳ ಚೆನ್ನಾಗಿ ಕಲಿಸಿದ್ದೀರಿ ಮಾಸ್ಟ್ರೆ. ಒಬ್ಬೊಬ್ಬರನ್ನು ಮೂರು ಮೂರು ಸಲ, ಎಷ್ಟು ತಾಳ್ಮೆಯಿಂದ ಕರೆದದ್ದು. ಕೊನೆಗೆ ನನ್ನನ್ನೂ ಕರೆದ್ರು. ಬರೀ ಹೆಸರು ಹಿಡಿದು, ಧರ್ಮಪಾಲಾ ಅಂತ. ಸಣ್ಣವನಿದ್ದಾಗ ನಮ್ಮ ಅಜ್ಜಿ ಕಟ್ಟಿದ ಬೀಡಿ ಹೊತ್ತುಕೊಂಡು ಇಲ್ಲಿಗೇ ಬರ್ತಿದ್ದೆ. ಆಗಲೂ ಹಾಗೇ ಕರೆಯುತ್ತಿದ್ದರು.”

ತೀರ್ಥರಾಮ ಲೆಕ್ಕ ಹಾಕಿದ. ಕರೆದದ್ದು ತಾನಲ್ಲ ಎನ್ನಬೇಕೋ, ತಾನೇ ಎನ್ನಬೇಕೋ. ಸೇವಂತಿಯ ಮುಖ ನೆನಪಾಯಿತು. “ಏನೋ ಸಾರ್, ನನ್ನ ಕೈಲಾದಷ್ಟು ಕರೆದೆ,” ಎಂದ.

ಇನ್ಸ್‌ಪೆಕ್ಟರು ನಕ್ಕರು. “ಕರೆದದ್ದು ಮಕ್ಕಳು, ಆ ಹೆಗ್ಗಳಿಕೆ ಅವರಿಗೇ ಬಿಡಿ. ಒಳಗೆ ಕರೆಯುವಾಗ ನೀವು ಬಾವಿಕಟ್ಟೆಯಲ್ಲಿ ಆ ಅಜ್ಜಿಗೆ ಕೈ ಮುಗೀತಾ ಇದ್ರಿ. ತರಗತಿಯ ಕಿಟಕಿಯಲ್ಲಿ ಕಂಡಿತು.” ಆಮೇಲೆ ದೇರಣ್ಣನ ಕಡೆ ತಿರುಗಿದರು. “ಮಾಸ್ಟ್ರು ಇಲ್ಲದೆಯೂ ಈ ತರಗತಿ ನಡೀತದೆ ಅಂತ ನಾನೇ ನೋಡಿದೆ. ಈ ಪದ್ಧತಿಯ ಗುರಿಯೇ ಅದಂತೆ. ಹಾಗಿರುವಾಗ ಇಲ್ಲಿಗೆ ಖಾಯಂ ಹುದ್ದೆ ಅಂತ ನಾನು ಯಾವ ಕೈಯಲ್ಲಿ ಬರೆಯುದು?”

ತೀರ್ಥರಾಮ ಬಾಯಿ ತೆರೆದ. ಮಕ್ಕಳು ಕರೆದದ್ದೆಂದರೆ ಮಾಸ್ಟ್ರು ಬೇಡ. ಮಕ್ಕಳಲ್ಲ ಎಂದರೆ ಗುಮಾಸ್ತನಿಗೆ ಹೆದರಿ ನಾಳೆಯಿಂದ ಮಕ್ಕಳೇ ಇಲ್ಲ, ಶಾಲೆಯೇ ಇಲ್ಲ. ತೆರೆದ ಬಾಯಿಗೆ ತಟ್ಟೆಯ ಬಿಸ್ಕತ್ತೊಂದನ್ನು ಹಾಕಿಕೊಂಡ.

ಇನ್ಸ್‌ಪೆಕ್ಟರು ಕೊಡೆ ಹಿಡಿದು ಹೊರಟರು. ದೇರಣ್ಣ ಅವರ ಹಿಂದೆ ಹೋಗುತ್ತಾ, “ಸೇವಂತಿಗೆ ಸುಳ್ಯದಿಂದಲೂ ಒಂದು ಸಂಬಂಧ ಬಂದದ್ದುಂಟು ಮಾಸ್ಟ್ರೆ,” ಎಂದು ಹೇಳಿಹೋದ.

ತೀರ್ಥರಾಮ ಮಕ್ಕಳ ಕಡೆ ತಿರುಗಿದ. “ಒಳಗಿನಿಂದ ಕರೆದದ್ದು ಯಾರು? ನಿಜ ಹೇಳಿ, ನಾನು ಬೈಯುದಿಲ್ಲ.”

ಮಕ್ಕಳು ಪರಸ್ಪರ ಮುಖ ನೋಡಿಕೊಂಡರು. “ನೀವೇ ಅಲ್ವಾ ಮಾಸ್ಟ್ರೆ?” ಎಂದಿತು ಒಂದು ದನಿ.

ಗಂಜಿಯ ಪಾತ್ರೆ ಹೊತ್ತು ದುಗ್ಗಮ್ಮ ಬಾಗಿಲಲ್ಲಿ ನಿಂತಿದ್ದಳು. ತೀರ್ಥರಾಮ ಅವಳ ಬಳಿ ಹೋಗಿ ದನಿ ತಗ್ಗಿಸಿದ. “ಮೂರು ಸಲ ಕರೆದದ್ದಂತೆ ದುಗ್ಗಮ್ಮಕ್ಕ. ಹಾಗಾದ್ರೆ ಮನುಷ್ಯರೇ ಅಲ್ವಾ? ಎರಡಕ್ಕಿಂತ ಹೆಚ್ಚು ಕರೀಲಿಕ್ಕೆ ಸತ್ತವರಿಗೆ ಬರುದಿಲ್ಲ ಅಂತ ನೀವೇ ಹೇಳಿದ್ದಲ್ವಾ?”

“ಬರ್ತಿರ್ಲಿಲ್ಲ,” ಎಂದಳು ದುಗ್ಗಮ್ಮ. “ಇವತ್ತು ಕಲಿತಿರ್ಬೇಕು. ಒಮ್ಮೆ ಮಾಡಿ ತೋರಿಸಿ ದೂರ ಸರಿದು ನಿಲ್ಲುದು ಅಂತ ಊರಿಗೆಲ್ಲ ಹೇಳಿಕೊಂಡು ಬಂದವರು ನೀವಲ್ವಾ ಮಾಸ್ಟ್ರೆ?”

ಅವಳು ಮಕ್ಕಳಿಗೆಲ್ಲ ಗಂಜಿ ಬಡಿಸಿದಳು. ಆಮೇಲೆ ಗೂಡಿನಿಂದ ಮಾಸ್ಟ್ರ ಕಂಚಿನ ಬಟ್ಟಲು ತೆಗೆದು, ಸೆರಗಿನಿಂದ ಒರೆಸಿ, ತುಂಬ ಗಂಜಿ ಹಾಕಿ ಮೇಲೊಂದು ಉಪ್ಪಿನಕಾಯಿಯ ಹೋಳು ಇಟ್ಟಳು. ತೀರ್ಥರಾಮ ಕೈ ಚಾಚಿದ. ದುಗ್ಗಮ್ಮ ಅವನನ್ನು ದಾಟಿ ಹೋಗಿ, ಬಟ್ಟಲನ್ನು ಹಿಂದಿನ ಕೋಣೆಯ ಹೊಸ್ತಿಲ ಮೇಲೆ ಇಟ್ಟಳು.