ಮಳ್ಳನಲ್ಲದ ವರ

ಯಾರಾದರೂ ನನ್ನನ್ನು ‘ಮಳ್ಳ’ ಎಂದು ಬೈದರೆ ನನಗೆ ಸಮಾಧಾನವಾಗುತ್ತದೆ. ಹೇಳಿಕೊಳ್ಳಲು ನಾಚಿಕೆಯೇ, ಏಕೆಂದರೆ ನಾನು ಸಿಂದಗಿಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವವನು, ಶಬ್ದಗಳ ಅರ್ಥ ಹೇಳಿ ಸಂಬಳ ಎಣಿಸುವವನು. ಆದರೆ ಮೋರಟಗಿಯ ನಮ್ಮ ಮನೆಯಲ್ಲಿ ಆ ಅರ್ಥ ನಡೆಯುವುದಿಲ್ಲ. ಅಲ್ಲಿ ನಾನು ಉಂಡರೂ ಮಳ್ಳ, ಉಣ್ಣದಿದ್ದರೂ ಮಳ್ಳ. ಮೊದಲ ದರ್ಜೆಯಲ್ಲಿ ಪಾಸಾದ ದಿನ ಆಯಿ, ಅಂದರೆ ನನ್ನ ಅಜ್ಜಿ, ಕೆನ್ನೆ ಹಿಂಡಿ, “ಎಷ್ಟ ಓದಿದ್ಯೋ ಮಳ್ಳಾ, ಕಣ್ಣ ನೋಡ ಹೆಂಗ ಒಳಗ ಹೋಗ್ಯಾವು” ಎಂದಿದ್ದಳು. ಮಕ್ಕಳನ್ನು ಹೊಗಳಿದರೆ ದೃಷ್ಟಿ ತಾಗುತ್ತದೆಂಬ ಭಯ ನಮ್ಮ ಕಡೆ. ಹಾಗಾಗಿ ಪ್ರೀತಿ ಉಕ್ಕಿದಷ್ಟೂ ಬೈಗುಳ ಉಕ್ಕುತ್ತದೆ. ನಿಜಕ್ಕೂ ಬುದ್ಧಿ ಕೈಕೊಟ್ಟವರನ್ನು ಮಾತ್ರ ಯಾರೂ ಹಾಗೆ ಕರೆಯುವುದಿಲ್ಲ. ದನಿ ತಗ್ಗಿಸಿ, “ಅವಗ ಆರಾಮಿಲ್ಲ” ಎನ್ನುತ್ತಾರೆ.

ಹಿಂದೆ ಹೀಗಿರಲಿಲ್ಲ. ‘ಮರುಳ’ ಎಂದರೆ ದೆವ್ವ ಮೆಟ್ಟಿಕೊಂಡವನು, ಬುದ್ಧಿ ಕದಡಿದವನು. ಆಮೇಲೆ ದೇವರ ಗುಂಗು ಹಿಡಿದವರು ಆ ಶಬ್ದವನ್ನು ತಮ್ಮ ಹೆಸರಿಗೇ ಸೇರಿಸಿಕೊಂಡರು. ಪ್ರೇಮಿಗಳೂ ಬಿಡಲಿಲ್ಲ. ನಮ್ಮವರಿಗೆ ಮಾತಿನಲ್ಲಿ ಯಾವಾಗಲೂ ಬಸ್ಸು ಹಿಡಿಯುವ ಅವಸರ. ನಡುವಿನ ಅಕ್ಷರ ನುಂಗಿ ‘ಮಳ್ಳ’ ಮಾಡಿದರು. ಈಗ ದೇವರ ಹಿಪ್ಪರಗಿ ಸಂತೆಯಲ್ಲಿ ಎಲ್ಲ ಗೊತ್ತಿದ್ದೂ ಏನೂ ಗೊತ್ತಿಲ್ಲದವನಂತೆ ನಿಲ್ಲುವ ವ್ಯಾಪಾರಿಯೂ ಮಳ್ಳನೇ. ಇದನ್ನೆಲ್ಲ ತರಗತಿಯಲ್ಲಿ ಒಬ್ಬೊಬ್ಬರ ದನಿ ತೆಗೆದು ಹೇಳುತ್ತೇನೆ. ಅದು ನನ್ನ ಚಟ. ಹೆಡ್‌ಮಾಸ್ತರರ ಕೆಮ್ಮು, ಕಲಬುರಗಿ ಬಸ್ಸಿನ ಕಂಡಕ್ಟರನ ಮೂಗಿನ ದನಿ, ನಮ್ಮ ಕಾಕಾ ಫೋನಿನಲ್ಲಿ ಅರಚುವ ಬಗೆ, ಎಲ್ಲ ನನ್ನ ಗಂಟಲಿನಲ್ಲಿ ಬಾಡಿಗೆಗಿವೆ.

ಇಷ್ಟೊಂದು ವಿದ್ಯೆ ಇದ್ದುದರಿಂದಲೇ ನನ್ನ ಮದುವೆ ಮುರಿಯುವ ಹಂತಕ್ಕೆ ಬಂತು. ಬಸವನ ಬಾಗೇವಾಡಿಯಲ್ಲಿ ಹುಡುಗಿ ನೋಡಿ ಬಂದಿದ್ದೆವು. ಹೆಸರು ಭಾಗ್ಯಶ್ರೀ. ಅವಳು ಅವಲಕ್ಕಿ ತಟ್ಟೆ ಕೊಡುವಾಗ ನಾನು ಕಂಡಕ್ಟರನ ದನಿಯಲ್ಲಿ “ಮುಂದ ಸರೀರಿ, ಮುಂದ ಸರೀರಿ” ಎಂದೆ. ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ನಾನು ಅಲ್ಲಿಗೇ ಸೋತೆ. ಆದರೆ ಇವಳಲ್ಲದೆ ಬೇರೆ ಯಾರೂ ಬೇಡ ಎಂದು ಮನೆಯಲ್ಲಿ ಹೇಳುವ ಧೈರ್ಯ ಯಾವ ದನಿಯಲ್ಲೂ ಬರಲಿಲ್ಲ. ಅಷ್ಟರಲ್ಲಿ ಸುದ್ದಿ ಬಂತು: ಮುದ್ದೇಬಿಹಾಳದಲ್ಲಿರುವ ಅವಳ ಸೋದರಮಾವ ವಿಚಾರಿಸಲು ಬರುತ್ತಾರೆ.

ನಮ್ಮಲ್ಲಿ ಹುಡುಗನ ವಿಚಾರಣೆ ಹುಡುಗನ ಮನೆಯಲ್ಲಿ ನಡೆಯುವುದಿಲ್ಲ. ಬಂದವರು ತೊಗರಿ ನೋಡುವ ನೆಪದಲ್ಲಿ ಚಹಾದಂಗಡಿಯಲ್ಲಿ ಕೂತು ಊರವರ ಬಾಯಿ ಬಿಡಿಸುತ್ತಾರೆ. ಅವರು ಬಂದದ್ದು ತೊಗರಿಗಲ್ಲ ಎಂದು ಊರಿಗೆಲ್ಲ ಗೊತ್ತು. ಊರಿಗೆ ಗೊತ್ತೆಂದು ಅವರಿಗೂ ಗೊತ್ತು. ನನಗೆ ಎದೆ ಢವಢವ ಶುರುವಾಯಿತು. ಚಹಾದಂಗಡಿಯ ರಾಜೇಸಾಬ ಚಾಚಾ ಬಾಯಿ ತೆರೆದರೆ ಮೊದಲು ಬರುವುದೇ ‘ನಮ್ಮ ಮಳ್ಳ’. ಸೋದರಮಾವನಿಗೆ ಹಳೆಯ ಅರ್ಥವೇ ತಲೆಗೆ ಹೊಳೆದರೆ? ಓಡಿಹೋಗಿ ಕಾಕಾನಿಗೆ ಮರುಳನ ಪೂರ್ತಿ ಇತಿಹಾಸ ಒದರಿದೆ. ಮಳ್ಳನ ಬದಲು ಜಾಣ, ಅಂದರೆ ನಮ್ಮ ಮಾತಿನಲ್ಲಿ ‘ಶ್ಯಾಣ್ಯಾ’, ಎನ್ನಿಸಲು ಕಾಕಾ ಬೆವೆತು ಮನೆಮನೆ ತಿರುಗಿದ. “ಯಾರರ ಕೇಳಿದ್ರ ಹುಡುಗ ಶ್ಯಾಣ್ಯಾ ಅದಾನ ಅನ್ರಿ. ಆ ಶಬ್ದ ಏನರ ಬಾಯಾಗ ಬಂತು, ಮದವಿ ಊಟಕ್ಕ ಕರಿಯಂಗಿಲ್ಲ ನೋಡ್ರಿ!”

ಆ ದಿನ ನಾನು ಚಹಾದಂಗಡಿ ಪಕ್ಕದ ಹಿಟ್ಟಿನ ಗಿರಣಿಯಲ್ಲಿ ಅಡಗಿ ಕೂತಿದ್ದೆ. ಪುಣ್ಯಕ್ಕೆ ಕರೆಂಟು ಹೋಗಿತ್ತು, ಪ್ರತಿ ಮಾತೂ ಕೇಳುತ್ತಿತ್ತು.

“ಆ ಕನ್ನಡ ಸರ ಹೆಂಗ ಅದಾನ್ರಿ?” ಎಂದರು ಸೋದರಮಾವ.

“ಶ್ಯಾಣ್ಯಾ ಅದಾನ್ರಿ,” ಎಂದ ಚಾಚಾ, ಪಾಠ ಒಪ್ಪಿಸುವವನಂತೆ.

“ಸಣ್ಣಾಂವ ಇದ್ದಾಗ?”

“ಆವಾಗೂ ಶ್ಯಾಣ್ಯಾರಿ.”

“ಮನಿಯಾಗ?”

“ಅಲ್ಲಂತೂ ಭಾಳ ಶ್ಯಾಣ್ಯಾ,” ಎಂದು ಬೆಂಚಿನ ಮೇಲಿದ್ದವರೆಲ್ಲ ಒಟ್ಟಿಗೆ ಕೂಗಿದರು.

ಸೋದರಮಾವ ಬಸಿಯಲ್ಲಿದ್ದ ಚಹಾ ಕೆಳಗಿಟ್ಟರು. “ಒಮ್ಮೆರ ಯಾರರ ಮಳ್ಳ ಅಂದಿಲ್ಲೇನ್ರಿ ಅವಗ?”

ಚಾಚಾ ಗಡಬಡಿಸಿ ಕೈ ಅಡ್ಡ ಆಡಿಸಿದ. “ಆ ಮಾತ ಆಡಬ್ಯಾಡ್ರಿ. ಅವರ ಕಾಕಾ ಊಟ ಹಾಕಂಗಿಲ್ಲ ಅಂದಾರ.”

“ಆತ ಬಿಡ್ರಿ,” ಎಂದು ಅವರು ಎದ್ದು ಚೀಲ ಹೆಗಲಿಗೇರಿಸಿದರು. “ಇಡೀ ಊರಾಗ ಒಬ್ಬರೂ ಮಳ್ಳ ಅನ್ನಲಾರದ ಹುಡುಗ ಅಂದ್ರ ಎಂಥಾ ಬೆರಕಿ, ಎಂಥಾ ಕಪಟಿ ಇರಬೇಕು! ಯಾರಿಗೂ ಬ್ಯಾಡಾಗ್ಯಾನ ಅಂದಂಗಾತು. ಅಂಥವಗ ನಮ್ಮ ಹುಡುಗಿ ಕೊಡಂಗಿಲ್ಲ.”

ಸಿಂದಗಿ ಬಸ್ಸಿನ ಹಾರ್ನ್ ಕೇಳಿಸಿತು. ನಾನು ಗಿರಣಿಯಿಂದ ಹಾರಿ ಬಂದು ಅವರ ಮುಂದೆ ನಿಂತೆ, ತಲೆಯಿಂದ ಕಾಲಿನವರೆಗೆ ಜೋಳದ ಹಿಟ್ಟು. ಏನಾದರೂ ಗಂಭೀರವಾಗಿ ಹೇಳಬೇಕಿತ್ತು. ಗಾಬರಿಯಲ್ಲಿ ಬಾಯಿಂದ ಬಂದದ್ದು ಹೆಡ್‌ಮಾಸ್ತರರ ಕೆಮ್ಮು, ಅದರ ಹಿಂದೆಯೇ ಅವರ ದನಿ: “ಯಾರೂ ಅಲ್ಲಾಡಬ್ಯಾಡ್ರಿ, ಇನ್ನೂ ಪ್ರಾರ್ಥನಾ ಮುಗಿದಿಲ್ಲ!”

ಚಾಚಾ ಮದುವೆ ಊಟ ಮರೆತ. “ಏ ಮಳ್ಳಾ! ಏನ ಅವತಾರಲೇ ಇದು? ಮುಂಜಾನಿಂದ ಉಂಡಿಯೋ ಇಲ್ಲೋ?” ಎನ್ನುತ್ತ ಹೆಗಲ ಮೇಲಿನ ಟವೆಲಿನಿಂದ ನನ್ನ ಮುಖ ತಿಕ್ಕತೊಡಗಿದ. ಬೆಂಚಿನ ಕಡೆಯಿಂದಲೂ ಕಟ್ಟೆ ಒಡೆಯಿತು: ಮಳ್ಳ ನೋಡ್ರಿ, ಹುಟ್ಟಾ ಮಳ್ಳ, ಸಣ್ಣಾಂವ ಇದ್ದಾಗಿಂದ ಹಿಂಗ. ಸೋದರಮಾವ ನನ್ನನ್ನು ನೋಡಿದರು, ನನ್ನ ಕಿವಿಯ ಹಿಟ್ಟು ಒರೆಸುತ್ತಿದ್ದ ಚಾಚಾನನ್ನು ನೋಡಿದರು. ಬಸ್ಸು ಬಂತು, ನಿಂತಿತು, ಹೋಯಿತು. ಅವರು ಚೀಲ ಇಳಿಸಿ, “ಇನ್ನೊಂದ ಚಾ ಹಾಕ್ರಿ” ಎಂದರು.

ನಿಶ್ಚಯವಾಯಿತು. ಆದರೆ ನನ್ನ ಢವಢವ ನಿಂತಿಲ್ಲ. ಮೊನ್ನೆ ಭಾಗ್ಯಶ್ರೀಗೆ ಫೋನಿನಲ್ಲಿ ಅವಳ ಸೋದರಮಾವನ ದನಿಯನ್ನೇ ತೆಗೆದು ತೋರಿಸಿದೆ. “ಭಾಳ ಶ್ಯಾಣ್ಯಾ ಅದೀರಿ ನೀವು” ಎಂದು ಫೋನು ಇಟ್ಟುಬಿಟ್ಟಳು. ಅಂದಿನಿಂದ ಊಟ ಸೇರುತ್ತಿಲ್ಲ. ಆಟ ಸಾಕು ಎಂದು ಮನೆಯಲ್ಲಿ ನನ್ನ ಸ್ವಂತ ದನಿಯಲ್ಲೇ ಮಾತಾಡುತ್ತಿದ್ದೇನೆ. ಆಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕಿವಿಗೊಟ್ಟು ಕೇಳಿದಳು. “ಇದ ಯಾರ ದನಿನೋ? ಒಟ್ಟ ಛಲೋ ಬರವಲ್ದು, ಬಿಟ್ಟಬಿಡು” ಎಂದಳು.