ಗುರ್ ಅಂದರೆ ಕಬ್ಬಿಣ, ಕುಂಯ್ ಅಂದರೆ ಬೆಳ್ಳಿ

ನಮ್ಮ ಸೋದರಮಾವನಿಗೆ ನೆಲದ ಮೇಲಿನ ವಸ್ತು ಯಾವತ್ತೂ ಕಂಡದ್ದೇ ಇಲ್ಲ! ಬಾಗಿಲಲ್ಲಿ ಮಲಗಿದ ನಾಯಿಯ ಬಾಲ ತುಳಿಯುತ್ತಿದ್ದರು, ಒಣಗಲು ಹರಡಿದ ಹಪ್ಪಳದ ಮೇಲೆ ನಡೆದು ಹೋಗುತ್ತಿದ್ದರು, ಹಜಾರದ ನಡುವೆ ಇಟ್ಟ ಬಿಂದಿಗೆಯನ್ನು ಎಡವಿ ಬಿಂದಿಗೆಯನ್ನೇ ಬೈಯುತ್ತಿದ್ದರು. ಆದರೆ ಅದೇ ನೆಲದ ಒಂದು ಗೇಣು ಕೆಳಗೆ ಏನಾದರೂ ಹೂತುಕೊಂಡಿದೆ ಎನ್ನಿ, ಅಲ್ಲಿ ಮಾತ್ರ ಅವರ ದೃಷ್ಟಿ ಬಲು ಚುರುಕು. ಇಂಥ ಕಣ್ಣಿಗೆ ಯಾವ ಡಾಕ್ಟರು ತಾನೇ ಕನ್ನಡಕ ಬರೆದುಕೊಟ್ಟಾರು?

ಕೂತಲ್ಲಿ ಕೂರುವ ಜಾಯಮಾನವಂತೂ ಅಲ್ಲವೇ ಅಲ್ಲ. ನಮ್ಮದು ಹಿಂದೂಪುರದ ನೇಯ್ಗೆಯವರ ಮನೆತನ. ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತರೆ ಸೀರೆ ಮುಗಿಯುವವರೆಗೆ ಏಳದ ಜನ ನಮ್ಮ ಹಿರಿಯರು. ಅಂಥವರ ವಂಶದಲ್ಲಿ ಈ ಮಹಾನುಭಾವರು ಹುಟ್ಟಿ, ನಾಲ್ಕು ಎಳೆ ನೇಯುವಷ್ಟರಲ್ಲಿ ಎದ್ದು ಬೀದಿಗೆ ಹೋಗಿ ಬರುತ್ತಿದ್ದರು. ಊಟಕ್ಕೆ ಕೂತರೆ ಮೊಣಕಾಲು ಕುಣಿದು ಎಲೆಯ ಮೇಲಿನ ಸಾರು ಪಕ್ಕದವರ ಪಾಲಾಗುತ್ತಿತ್ತು. ಕೊನೆಗೆ ಮಗ್ಗವನ್ನು ಅಣ್ಣನಿಗೆ ಬಿಟ್ಟು ಸೀರೆ ಮಾರುವ ವ್ಯಾಪಾರ ಹಿಡಿದರು. ಅದರಲ್ಲಾದರೆ ಊರೂರು ತಿರುಗಬಹುದಲ್ಲ!

ಇವರ ಈ ಚಡಪಡಿಕೆಗೆ ಒಂದು ಗುರಿ ಸಿಕ್ಕಿದ್ದು ಅತ್ತೆಯ ಬೊಟ್ಟು ಕಳೆದ ಮೇಲೆ. ನಮ್ಮಲ್ಲಿ ತಾಳಿಗೆ ಎರಡು ಚಿನ್ನದ ಬೊಟ್ಟು. ಒಂದು ಗಂಡನ ಮನೆಯವರು ಹಾಕುವುದು, ಇನ್ನೊಂದು ತವರಿನವರು ಕೊಡುವುದು. ಅತ್ತೆಯ ತವರು ಕಲ್ಯಾಣದುರ್ಗದ ಮಗ್ಗುಲ ಹಳ್ಳಿ. ಅಲ್ಲಿ ಒಂದು ಸುಗ್ಗಿಯಲ್ಲಿ ಅಂಗಳದಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದಾಗ ತಾಳಿಯ ದಾರ ಕಡಿದು ಕರಿಮಣಿಯೆಲ್ಲ ಚೆಲ್ಲಿಹೋಯಿತು. ಮಣಿಗಳನ್ನೆಲ್ಲ ಆರಿಸಿದರು, ಗಂಡನ ಮನೆಯ ಬೊಟ್ಟೂ ಸಿಕ್ಕಿತು. ತವರಿನ ಬೊಟ್ಟು ಮಾತ್ರ ಸಿಗಲಿಲ್ಲ. ಅದಾದ ಮೇಲೆ ಬಂದ ಬೇಸಿಗೆಯಲ್ಲೇ ಅತ್ತೆಯ ತಾಯಿ ತೀರಿಕೊಂಡರು. ಹೊಸ ಬೊಟ್ಟು ಮಾಡಿಸೋಣವೆಂದರೆ ಅತ್ತೆ ಒಪ್ಪಲಿಲ್ಲ. "ಅಮ್ಮ ಕೊಟ್ಟಿದ್ದು ಅದು. ಅಂಗಡೀಲಿ ತಂದ್ರೆ ಅದು ಅಮ್ಮಂದಾಯ್ತದಾ?" ಎಂದು ಆ ಜಾಗದಲ್ಲಿ ಅರಿಶಿನದ ಕೊಂಬು ಕಟ್ಟಿಕೊಂಡರು. ಅಳಲಿಲ್ಲ, ಆಡಲಿಲ್ಲ. ಮದುವೆ ಮುಂಜಿಗಳಲ್ಲಿ ಮಾತ್ರ ಸೆರಗನ್ನು ಕೊರಳವರೆಗೆ ಎಳೆದು ಹೊದ್ದುಕೊಳ್ಳುತ್ತಿದ್ದರು. ಮಾವನಿಗೆ ಆ ಸೆರಗು ಎಳೆದುಕೊಳ್ಳುವುದನ್ನು ನೋಡಲಾಗುತ್ತಿರಲಿಲ್ಲ. ಹುಡುಕಿಯೇ ಕೊಡುತ್ತೇನೆಂದು ಹಟ ಹಿಡಿದರು.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಅಂಗಡಿಗಳಿಗೆ ಸೀರೆ ಹಾಕಿ ಬರಲು ಬೆಂಗಳೂರಿಗೆ ಹೋದವರು ಅಲ್ಲಿನ ಗುಜರಿ ಸಂತೆಯಿಂದ ಒಂದು ಯಂತ್ರ ಹೊತ್ತು ತಂದರು. ಉದ್ದನೆಯ ಕೋಲು, ತುದಿಯಲ್ಲಿ ರೊಟ್ಟಿ ಹಂಚಿನಂಥ ಚಕ್ರ, ಹಿಡಿಯ ಹತ್ತಿರ ಸೂಜಿಯಾಡುವ ಒಂದು ಡಬ್ಬಿ, ಕಿವಿಗೆ ಹೆಡ್‌ಫೋನು. ಬಸ್ಸಿನಲ್ಲಿ ಕಂಡಕ್ಟರು ಎರಡು ಹೆಜ್ಜೆ ಹಿಂದೆ ಸರಿದು ನಿಂತು ಕೇಳಿದನಂತೆ: "ಏಮಿ ಸಾರ್ ಅದಿ? ಬಾಂಬಾ?"

"ಬಾಂಬೂ ಇಲ್ಲ ಗೀಂಬೂ ಇಲ್ಲ. ಭೂಮಿಗೆ ಇಡೋ ಸ್ಟೆತಾಸ್ಕೋಪು ಕಣಯ್ಯಾ" ಎಂದರಂತೆ ಮಾವ. ಕಂಡಕ್ಟರು ಅದಕ್ಕೂ ಅರ್ಧ ಟಿಕೆಟ್ಟು ಹರಿದ!

ನಾನಾಗ ಹಿಂದೂಪುರದ ಶಾಲೆಯೊಂದರಲ್ಲಿ ಟೀಚರು. ಮಾವನ ಪಕ್ಕದ ಬಾಗಿಲೇ ನಮ್ಮದು. ಹಾಗಾಗಿ ಮೊದಲ ಪಾಠ ಕೇಳುವ ಭಾಗ್ಯ ನನಗೇ ಒದಗಿತು. "ನೋಡಮ್ಮ, ಸೂಜಿ ಎಡಕ್ಕೆ ಬಿದ್ದು ಗುರ್ ಅಂದ್ರೆ ಕಬ್ಬಿಣ. ಮುಟ್ಬ್ಯಾಡ. ಬಲಕ್ಕೆ ಹೋಗಿ ಕುಂಯ್ ಅಂದ್ರೆ ತಾಮ್ರ, ಬೆಳ್ಳಿ. ನಡುವೆ ನಿಂತ್ಕಂಡು ಊಂ ಅಂತದಲ್ಲ, ಅದೇ ಚಿನ್ನ!"

"ಮತ್ತಿನ್ನೇನು ಮಾವ? ಊಂ ಅಂದಲ್ಲಿ ತೋಡಿದರಾಯ್ತು."

ಮಾವ ಸುತ್ತ ನೋಡಿ ದನಿ ತಗ್ಗಿಸಿದರು. "ಅಲ್ಲೇ ಇರಾದು ಕಷ್ಟ. ಟೂತ್‌ಪೇಸ್ಟ್ ಟ್ಯೂಬೂ ಊಂ ಅಂತದೆ. ಮಾತ್ರೆ ಸುತ್ತಿರೋ ಬೆಳ್ಳಿ ಕಾಗ್ದಾನೂ ಊಂ ಅಂತದೆ. ಕಸ ಬ್ಯಾಡ ಅಂತ ಈ ತಿರುಪು ತಿರುಗಿಸ್ಬೋದು. ಆದ್ರೆ ಕಸ ಬ್ಯಾಡ ಅಂದ್ರೆ ಚಿನ್ನವೂ ಬ್ಯಾಡ ಅಂದಂಗೆ ಕಣಮ್ಮ!"

ಅಂದರೆ ಹೆಣ್ಣು ನೋಡಲು ಬಂದ ಗಂಡಿನ ಕಡೆಯವರ ಹಾಗೆ ಈ ಯಂತ್ರ. ಊಂ ಎನ್ನುತ್ತದೆ, ಹೌದೋ ಅಲ್ಲವೋ ಹೇಳುವುದಿಲ್ಲ.

ಆದರೆ ಬೊಟ್ಟಿನ ಊಂಕಾರ ಬೇರೆ, ಟ್ಯೂಬಿನ ಊಂಕಾರ ಬೇರೆ ಇದ್ದೇ ಇರಬೇಕೆಂದು ಮಾವನ ವಾದ. ಎರಡೂ ಬೊಟ್ಟನ್ನು ಒಬ್ಬನೇ ಅಕ್ಕಸಾಲಿ ಒಂದೇ ಅಚ್ಚಿನಲ್ಲಿ ಹೊಡೆದಿದ್ದ. ಉಳಿದ ಬೊಟ್ಟು ಹೇಗೆ ಕೂಗುತ್ತದೋ ಕಳೆದದ್ದೂ ಹಾಗೇ ಕೂಗಬೇಕು. ಸರಿ, ಅದನ್ನು ನೆಲಕ್ಕಿಟ್ಟು ಕೇಳಿದರಾಯಿತು. ಆದರೆ ಗಂಡ ಬದುಕಿರುವಾಗ ತಾಳಿ ಕೊರಳಿನಿಂದ ಇಳಿಯುವುದುಂಟೆ? ಬೊಟ್ಟು ನೆಲಕ್ಕೆ ಬರಬೇಕಾದರೆ ಅತ್ತೆಯೇ ನೆಲಕ್ಕೆ ಬರಬೇಕು!

ಅತ್ತೆ ಹಿತ್ತಲಲ್ಲಿ ಚಾಪೆ ಹಾಸಿ ಮಲಗಿದರು. ಮಾವ ಕಿವಿಗೆ ಹೆಡ್‌ಫೋನು ಸಿಕ್ಕಿಸಿ, ಅವರ ಎದೆಯ ಮೇಲೆ ಚಕ್ರವನ್ನು ಆ ಕಡೆ ಈ ಕಡೆ ಆಡಿಸಿದರು. "ಲೇ, ಗುರ್ ಅಂತದೆ! ಚಿನ್ನ ಹೆಂಗೆ ಗುರ್ ಅಂತದೆ? ನಿಮ್ಮಪ್ಪ ಅಕ್ಕಸಾಲಿ ಕೈಲಿ ಮೋಸ ಹೋಗವ್ರೆ!"

"ನಮ್ಮಪ್ಪನ ಸುದ್ದಿ ಯಾಕೆ ಬತ್ತದೆ? ಇದು ನಿಮ್ಮಪ್ಪ ಹಾಕಿರೋ ಬೊಟ್ಟು!" ಎಂದರು ಅತ್ತೆ ಮಲಗಿದಲ್ಲಿಂದಲೇ.

ನಾನು ಬಗ್ಗಿ ನೋಡಿದೆ. ತಾಳಿಯ ದಾರದಲ್ಲಿ ಗೊಂಚಲು ಗೊಂಚಲು ಪಿನ್ನು! ನಮ್ಮ ಹೆಂಗಸರ ತಾಳಿಯೆಂದರೆ ಒಂದು ಸಣ್ಣ ಕಬ್ಬಿಣದಂಗಡಿಯೇ ಅಲ್ಲವೆ? ಪಿನ್ನು ತೆಗೆಸಿದ್ದಾಯಿತು. ಈಗ ಕುಂಯ್ ಅಂದಿತು. ಅದು ಸೆರಗಿನ ಜರಿಯ ದನಿಯೆಂದು ಹತ್ತಿಯ ಸೀರೆ ಉಡಿಸಿದ್ದಾಯಿತು. ಅಷ್ಟರಲ್ಲಿ ಮಜ್ಜಿಗೆ ಕೇಳಲು ಬಂದ ಎದುರುಮನೆಯಾಕೆ, ಚಾಪೆಯ ಮೇಲೆ ಮಲಗಿದ ಅತ್ತೆಯನ್ನೂ ಮೇಲೆ ಕೋಲಾಡಿಸುತ್ತಿದ್ದ ಮಾವನನ್ನೂ ಕಂಡು "ಅಯ್ಯೋ ದೇವುಡಾ, ದೆಯ್ಯಂ ಪಟ್ಟಿಂದಾ!" ಎಂದು ಚೆಂಬು ಬಿಟ್ಟು ಓಡಿದಳು. ಅತ್ತೆಗೆ ದೆವ್ವ ಹಿಡಿದಿದೆಯೆಂದು ಸಾಯಂಕಾಲದೊಳಗೆ ಬೀದಿಗೆಲ್ಲ ಗೊತ್ತಾಯಿತು. ಹಿಡಿದದ್ದು ಯಾರಿಗೆ ಎಂಬುದರಲ್ಲಷ್ಟೇ ಆಕೆ ತಪ್ಪಿದ್ದು.

ಅಂತೂ ಬೊಟ್ಟಿನ ದನಿ ಮಾವನ ಕಿವಿಗೆ ಬಿತ್ತು. ಅದನ್ನು ಮರೆಯಬಾರದೆಂದು ದಿನವಿಡೀ ಊಂ, ಊಂ ಎನ್ನುತ್ತಲೇ ಓಡಾಡಿದರು. ಸೀರೆ ಕೊಳ್ಳಲು ಬಂದವರು ಏನು ಕೇಳಿದರೂ ಊಂ! ಅವತ್ತು ಮಾವ ಎಲ್ಲರ ಚೌಕಾಸಿಗೂ ಒಪ್ಪಿದರೆಂದು ಸುದ್ದಿಯಾಗಿ ವ್ಯಾಪಾರ ಜೋರಾಯಿತು.

ಯಂತ್ರವಿದ್ದ ಮೇಲೆ ನಿಧಿಯವರು ಬಾರದೆ ಇರುತ್ತಾರೆಯೆ? ಚಿಲಮತ್ತೂರಿನ ಒಬ್ಬ ಯಜಮಾನರು ನಿಂಬೆಹಣ್ಣು, ಕುಂಬಳಕಾಯಿ ಸಮೇತ ಬಂದು, ತಮ್ಮ ಹಿತ್ತಲಲ್ಲಿ ಪಾಳೇಗಾರರ ಕೊಪ್ಪರಿಗೆ ಇದೆಯೆಂದು ಜೋಯಿಸರು ಹೇಳಿದ್ದಾರೆಂದು ಗೋಗರೆದರು. "ನಾನು ಬೊಟ್ಟಿಗೆ ಬಿಟ್ಟು ಬ್ಯಾರೇದಕ್ಕೆ ತೋಡಲ್ಲ" ಎಂದು ಮಾವ ಬಿಗಿಯಾಗಿಯೇ ಇದ್ದರು. ಆದರೆ ಹೊಸ ನೆಲವೊಂದು ಕರೆಯುವಾಗ ಆ ಕಾಲುಗಳು ಸುಮ್ಮನಿದ್ದಾವೆ? ಹೋದರು. ದನದ ಕೊಟ್ಟಿಗೆಯ ಮೂಲೆಯಲ್ಲಿ ಸೂಜಿ ಬಲತುದಿಗೆ ಹಾರಿ ಕುಂಯ್ಯೋ ಕುಂಯ್! ಯಜಮಾನರು ಕೈಮುಗಿದು ನಿಂತರು. ತೋಡಿದರೆ ನಿಜಕ್ಕೂ ಒಂದು ಕೊಪ್ಪರಿಗೆ! ಒಳಗೆ ಕಂಚಿನ ತಟ್ಟೆ, ಹಿತ್ತಾಳೆ ಚೆಂಬು, ತಾಮ್ರದ ಪಂಚಪಾತ್ರೆ. ಆಗ ಒಳಮನೆಯಿಂದ ಯಜಮಾನರ ಮುದಿತಾಯಿ ಕೋಲೂರಿಕೊಂಡು ಬಂದರು. "ಯಾವನ್ಲಾ ಅದು ನನ್ನ ಪಾತ್ರೆ ಮುಟ್ಟೋನು? ಸೊಸೆ ಕಣ್ಣಿಗೆ ಬೀಳ್ಬಾರ್ದು ಅಂತ ನಾನೇ ಹೂತಿಟ್ಟೀನಿ ಕಣ್ಲಾ!" ಸೊಸೆ ಬಾಗಿಲಲ್ಲೇ ನಿಂತಿದ್ದಳು. ಆಮೇಲೆ ಆ ಮನೆಯಲ್ಲಿ ಏನೇನಾಯಿತೋ, ಮಾವ ಸಿಕ್ಕ ಬಸ್ಸು ಹತ್ತಿ ಬಂದುಬಿಟ್ಟರು.

ಇನ್ನು ಕಲ್ಯಾಣದುರ್ಗದ ಕಥೆ. ಪಾವಗಡದ ಮೇಲೆ ಹಾದು ಹೋಗುವ ಬಸ್ಸಿನಲ್ಲಿ ಯಂತ್ರಕ್ಕೊಂದು ಕಾಯಂ ಸೀಟು ಎಂಬಂತಾಯಿತು. ಅತ್ತೆ ಮಾತ್ರ ಒಮ್ಮೆಯೂ ಜೊತೆಗೆ ಹೋಗಲಿಲ್ಲ. ತಾಯಿಯ ತಿಥಿಗೆ ಹೋದವರು ಸಂಜೆಗೇ ಮರಳಿ ಬಂದಿದ್ದರು. ಅಮ್ಮನಿಲ್ಲದ ಆ ಅಂಗಳ ನೋಡಲು ಅವರಿಗೆ ಸಂಕಟ.

ಮಾವ ಮೊದಲು ಅಂಗಳ ತೋಡಿದರು. ಆಮೇಲೆ, ಕಡಲೆಕಾಯಿ ಸಿಪ್ಪೆಯ ಜೊತೆ ಬೊಟ್ಟನ್ನೂ ಗುಡಿಸಿ ತಿಪ್ಪೆಗೆ ಎಸೆದಿರಬಹುದಲ್ಲವೆ ಎಂಬ ಯೋಚನೆ ಬಂತು. ತಿಪ್ಪೆ ಕೆದಕಿದರು. ಆ ತಿಪ್ಪೆಯ ಗೊಬ್ಬರ ಹೊಲಕ್ಕೆ ಹೋಗಿರಬಹುದಲ್ಲವೆ? ಹೊಲಕ್ಕೆ ನಡೆದರು. ಹೀಗೆ ಒಂದು ಬೊಟ್ಟು ಅಂಗಳದಿಂದ ಹೊರಟು ಊರಿಡೀ ಹರಡಿಕೊಂಡಿತು! ಊಂ ಅಂದಲ್ಲೆಲ್ಲ ಮಂಡಿಯೂರಿ, ಉಸಿರು ಬಿಗಿಹಿಡಿದು ಕೆರೆಯುವುದು, ಟೂತ್‌ಪೇಸ್ಟಿನ ಟ್ಯೂಬು ಹೊರಬರುವುದು. ಆ ಮನೆಯವರ ಹಲ್ಲು ಯಾಕೆ ಅಷ್ಟು ಬೆಳ್ಳಗಿವೆಯೆಂದು ನಮಗೆಲ್ಲ ತಿಳಿದದ್ದು ಆಗಲೇ. ಅತ್ತೆಯ ತಮ್ಮ ಸಾಧು ಮನುಷ್ಯ. "ಬಾವಾ, ಬಿತ್ತನೆಗೆ ಇನ್ನೂ ಒಂದು ವಾರ ಐತೆ. ಆ ಬದಿನ ಕಡೆ ಒಸಿ ಆಳವಾಗಿ ತೋಡ್ಬುಡಿ, ಎತ್ತು ಹೂಡೋ ಕೆಲ್ಸ ಉಳೀತದೆ" ಎಂದನಂತೆ. ಮಾವ ತೋಡಿಯೂ ಕೊಟ್ಟರು!

ನನಗೆ ನಗು ಬರುತ್ತಿತ್ತು, ನಿಜ. ಆದರೆ ಪ್ರತಿ ಸಲ ಅವರು ಬಸ್ಸಿಳಿದು ಬರುವಾಗ ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಮಾವ ತಲೆ ಅಲ್ಲಾಡಿಸುತ್ತಿದ್ದರು. ಅತ್ತೆ ಒಳಗೆ ಹೋಗಿ ಸ್ನಾನಕ್ಕೆ ನೀರು ತೋಡುತ್ತಿದ್ದರು. ಅದನ್ನು ನೋಡಿದಾಗ ನನ್ನ ನಗು ಅಲ್ಲೇ ಇಂಗಿಹೋಗುತ್ತಿತ್ತು.

ಒಂದು ಬೇಸಿಗೆಯಲ್ಲಿ ಅತ್ತೆಯ ತಮ್ಮನಿಂದ ಸುದ್ದಿ ಬಂತು. ಕಡಲೆಕಾಯಿ ಒಣಗಿಸಲು ಅಂಗಳಕ್ಕೆಲ್ಲ ಸಿಮೆಂಟು ಹಾಕಿಸುತ್ತಾನಂತೆ. ಒಮ್ಮೆ ಸಿಮೆಂಟು ಬಿದ್ದರೆ ಇನ್ನು ಯಾವ ಯಂತ್ರ ಏನೆಂದರೂ ತೋಡುವಂತಿಲ್ಲ. ಮಾವನಿಗೆ ಕಾಲು ನಿಲ್ಲಲಿಲ್ಲ. ಈ ಸಲ ಅತ್ತೆಯೂ ಹೊರಟರು. ಶಾಲೆಗೆ ರಜೆಯಿದ್ದುದರಿಂದ ನಾನೂ ಹೊರಟೆ.

ನಾವು ಹೋಗುವಷ್ಟರಲ್ಲಿ ಗಾರೆಯವರು ಬೀದಿಯಲ್ಲಿ ಜಲ್ಲಿ ಕಲೆಸುತ್ತಿದ್ದರು. ಮಾವ ಚಪ್ಪಲಿ ಬಿಟ್ಟವರೇ ಯಂತ್ರ ಹಿಡಿದರು. ಅಂಗಳವೋ, ಅವರೇ ತೋಡಿ ತೋಡಿ ಮುಚ್ಚಿದ ಗುಂಡಿಗಳ ತೇಪೆ. ಊಂ ಅಂದಿತು, ಮಾತ್ರೆಯ ಕಾಗದ. ಊಂ ಅಂದಿತು, ಮತ್ತೊಂದು ಟ್ಯೂಬು. ಬೆವರು ಕಣ್ಣಿಗಿಳಿಯುತ್ತಿತ್ತು. ಗಾರೆಯವನು ಬಾಗಿಲಿಗೆ ಬಂದು, ಮುಗಿಯಿತೇ ಎಂದು ಅವಸರಿಸಿದ: "ಅಯಿಂದಾ ಸಾರ್?" ಮಾವ ಪಡಸಾಲೆಯ ಕಂಬದ ಬುಡದಲ್ಲಿ ಚಕ್ರ ಆಡಿಸಿ, ಗುರ್ ಎಂದದ್ದೇ ಮುಂದಕ್ಕೆ ಹೊರಟರು.

"ಅಲ್ಲಿ ತೋಡ್ರಿ" ಎಂದರು ಅತ್ತೆ.

"ಕಬ್ಬಿಣ ಕಣೇ. ಸೂಜಿ ನೋಡು, ಎಡಕ್ಕೆ ಬಿದ್ದೈತೆ. ಯಾವ್ದೋ ಮೊಳೆ."

"ಅಮ್ಮ ಯಾವಾಗ್ಲೂ ಆ ಕಂಬಕ್ಕೇ ಒರಗಿ ಎಲೆಡ್ಕೆ ಹಾಕ್ತಿದ್ಲು. ಅವತ್ತು ನಾನೂ ಅಲ್ಲೇ ಇದ್ದೆ. ತೋಡ್ರಿ."

ಅತ್ತೆ ಹೀಗೆ ಬಾಯಿಬಿಟ್ಟು ಏನನ್ನಾದರೂ ಕೇಳಿದ್ದನ್ನು ನಾನು ಕಂಡಿರಲಿಲ್ಲ. ಮಾವ ತೋಡಿದರು. ಸಿಕ್ಕಿದ್ದು ತುಕ್ಕು ಹಿಡಿದ ಒಂದು ಚಿಕ್ಕ ತಗಡಿನ ಡಬ್ಬಿ. ತಲೆನೋವಿನ ಮುಲಾಮಿನದು. ಬೊಟ್ಟು ಒಳಗೇನಾದರೂ ಸೇರಿಕೊಂಡಿದೆಯೋ ಎಂಬ ಆಸೆಯಲ್ಲಿ ಮಾವ ಕುಡುಗೋಲಿನ ತುದಿಯಿಂದ ಮುಚ್ಚಳ ಮೀಟಿದರು.

ಒಳಗಿದ್ದುದು ಸುಣ್ಣ. ಎಲೆಗೆ ಹಚ್ಚುವ ಸುಣ್ಣ, ಒಣಗಿ ಕಲ್ಲಾಗಿತ್ತು. ಅದರ ನಡುವೆ, ಕೊನೆಯ ಸಲ ಬೆರಳಿಂದ ತೆಗೆದ ಗುರುತು ಹಾಗೇ ಉಳಿದಿತ್ತು.

ಅತ್ತೆ ಡಬ್ಬಿಯನ್ನು ಅಂಗೈಯಲ್ಲಿಟ್ಟುಕೊಂಡರು. ಆಮೇಲೆ ತಮ್ಮ ತೋರುಬೆರಳನ್ನು ಮೆಲ್ಲಗೆ ಆ ಗುರುತಿನೊಳಗೆ ಇಟ್ಟರು. "ಅಮ್ಮ" ಎಂದರು, ಅಷ್ಟೆ. ಇಷ್ಟು ವರ್ಷ ಅಳದೆ ಉಳಿದದ್ದೆಲ್ಲ ಆಗ ಬಂತು.

ಮಾವ ಹೆಡ್‌ಫೋನು ಕಿತ್ತು, ಮಣ್ಣಿನ ಕೈಯಲ್ಲೇ ಮುಖ ಮುಚ್ಚಿಕೊಂಡರು. "ಅದು ಗುರ್ ಅಂದಿತ್ತು ಕಣೇ... ನಾನು ಬ್ಯಾಡ ಅಂತ ಬಿಟ್ಬುಡ್ತಿದ್ದೆ." ಆ ಎತ್ತರದ ಮನುಷ್ಯ ಅಳುವುದನ್ನು ನೋಡಲಾರದೆ ನಾನು ಬೀದಿಯ ಕಡೆ ತಿರುಗಿದೆ.

ಅತ್ತೆ ಸೆರಗಿನಿಂದ ಅವರ ಮುಖದ ಮಣ್ಣು ಒರೆಸಿದರು. "ಬುಡಿ. ಬೊಟ್ಟು ಇಲ್ಲೇ ಇರ್ಲಿ, ಅಮ್ಮನ ತಾವ" ಎಂದರು.

ಆಮೇಲೆ ಗಾರೆಯವನನ್ನು ಒಳಗೆ ಕರೆದು, ಸಿಮೆಂಟಿನ ಮೊದಲ ಬಾಂಡಲಿಯನ್ನು ಅವನ ಕೈಯಿಂದ ಇಸಿದುಕೊಂಡು, ಕಂಬದ ಬುಡಕ್ಕೆ ಅತ್ತೆ ತಾವೇ ಸುರಿದರು.